ಮಾಜಾಳಿಯಾಚೆಯ ನಾಲ್ಕು ಬಿಯರುಗಳು: ರುಚಿ, ಕ್ಯಾನು, ತಾರೀಖು

ದಕ್ಷಿಣ ಗೋವಾದ ಒಂದು ಸಣ್ಣ ಬ್ರೂವರಿ ಈ ಹಂಗಾಮಿಗೆ ನಾಲ್ಕು ಬಗೆಯ ಬಿಯರನ್ನು ಕ್ಯಾನಿನಲ್ಲಿ ಬಿಡುಗಡೆ ಮಾಡಿದೆ: ಕೋಕಂ ಹಾಕಿದ ಗೋಸೆ ಎಂಬ ಹುಳಿ ಬಿಯರ್, ಒಂದು ಗೋಧಿ ಬಿಯರ್, ಕಹಿ ಮತ್ತು ಪರಿಮಳಕ್ಕೆ ಹೆಸರಾದ ಒಂದು ಐಪಿಎ (ಇಂಡಿಯಾ ಪೇಲ್ ಏಲ್) ಮತ್ತು ಕಾಳುಮೆಣಸು ಹಾಕಿದ, ಬೆಲ್ಜಿಯಂ ಬಗೆಯ ಸೇಸಾನ್. ಇವುಗಳಲ್ಲಿ ಕೋಕಂ ಗೋಸೆಯನ್ನು ಯಾವ ಸಂಕೋಚವೂ ಇಲ್ಲದೆ ಶಿಫಾರಸು ಮಾಡಬಹುದು. ಗೋಧಿ ಬಿಯರ್ ಪರವಾಗಿಲ್ಲ. ಸೇಸಾನ್ ಕುರಿತು ಕಾರವಾರದ ನಮ್ಮ ಗೆಳೆಯರ ಗುಂಪಿನಲ್ಲೇ ಒಮ್ಮತವಿಲ್ಲ. ಐಪಿಎ ಮಾತ್ರ ಯಾವ ಅಂಗಡಿಯಲ್ಲಿ, ತಯಾರಾದ ಎಷ್ಟು ದಿನಕ್ಕೆ ಕೈಗೆ ಬಂತು ಎಂಬುದನ್ನು ಅವಲಂಬಿಸಿ ಒಳ್ಳೆಯದೂ ಆಗುತ್ತದೆ, ಕೆಟ್ಟದ್ದೂ ಆಗುತ್ತದೆ. ಬಿಯರ್ ಕುದಿಸುವವರ ಕೈ ಚೆನ್ನಾಗಿದೆ. ಆದರೆ ಅದನ್ನು ತುಂಬಿ, ಮುಚ್ಚಿ, ಲೇಬಲ್ ಅಂಟಿಸಿ ಅಂಗಡಿಗೆ ಕಳಿಸುವವರು ಕರಾವಳಿಯ ಹವೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂಬುದು ನನ್ನ ಮುಖ್ಯ ತಕರಾರು. ದೋಷಗಳನ್ನೂ ಬರೆಯಲಿರುವುದರಿಂದ, ಮತ್ತು ಮದ್ಯವನ್ನು ಹೆಸರು ಹಾಕಿ ಹೊಗಳಿದರೆ ಅದು ಜಾಹೀರಾತಿನಂತೆ ಕಾಣುವುದರಿಂದ, ಬ್ರೂವರಿಯ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ. ಕಾಣಕೋಣದ ಕಡೆ ಹೋಗಿ ಬರುವವರಿಗೆ ಗುರುತು ಹತ್ತುವುದು ಕಷ್ಟವಲ್ಲ.

ಕಾರವಾರದವರು ಬಿಯರಿಗಾಗಿ ಗಡಿಯಾಚೆ ನೋಡುವುದಕ್ಕೆ ಅಗ್ಗದ ದರವೊಂದೇ ಕಾರಣವಲ್ಲ. ಕರ್ನಾಟಕದಲ್ಲಿ ಮೈಕ್ರೋಬ್ರೂವರಿಯ, ಅಂದರೆ ಬಾರಿನಲ್ಲೇ ಬಿಯರ್ ತಯಾರಿಸುವ ಸಣ್ಣ ಘಟಕದ, ಬಿಯರನ್ನು ಹೆಚ್ಚಾಗಿ ಅದೇ ಜಾಗದಲ್ಲಿ ಕುಳಿತೇ ಕುಡಿಯುವುದು. ಆ ಪರವಾನಗಿಯಲ್ಲಿ ಬಾಟಲಿಗೋ ಕ್ಯಾನಿಗೋ ತುಂಬಿ ಊರೂರಿನ ಅಂಗಡಿಗಳಿಗೆ ಕಳಿಸಲು ಬರುವುದಿಲ್ಲ. ಹೀಗಾಗಿ ನಮ್ಮ ರಾಜ್ಯದ ಕ್ರಾಫ್ಟ್ ಬಿಯರ್ (ಸಣ್ಣ ಬ್ರೂವರಿಗಳ ಬಿಯರ್) ಎಂದರೆ ಬಹುಮಟ್ಟಿಗೆ ಬೆಂಗಳೂರಿನ ಮೇಜಿನ ಮೇಲಿನ ಬಿಯರ್ ಎಂದೇ ಆಗಿದೆ. 2012ರಲ್ಲಿ ಬೆಂಗಳೂರಿನಲ್ಲಿ ಬ್ರೂಪಬ್ ಆಗಿ ಶುರುವಾದ ಆರ್ಬರ್ ಬ್ರೂಯಿಂಗ್ ಕಂಪನಿ ಕೂಡ ಮುಂದೆ ಕ್ಯಾನಿನ ಬಿಯರಿಗೆ ಗೋವಾವನ್ನೇ ಆರಿಸಿಕೊಂಡಿತು. ನಮ್ಮ ಗುಂಪಿನಲ್ಲಿ ಕೈಗಾದಲ್ಲಿ ಕೆಲಸ ಮಾಡುವವರಿದ್ದಾರೆ, ಬಂದರಿನವರಿದ್ದಾರೆ, ಶಿರಸಿಯ ಕಡೆಯ ಅಡಿಕೆ ತೋಟದವರೊಬ್ಬರಿದ್ದಾರೆ. ಗೋವಾದಲ್ಲಿ ಕೊಂಡ ಮದ್ಯವನ್ನು ಪರವಾನಗಿ ಇಲ್ಲದೆ ಮಾಜಾಳಿಯ ತಪಾಸಣಾ ಠಾಣೆ ದಾಟಿಸುವುದು ಅಪರಾಧವಾದ್ದರಿಂದ, ನಾವು ಶಿರವಾಡದಲ್ಲಿ ರೈಲು ಹತ್ತಿ, ಅಸ್ನೋಟಿ, ಲೋಲಿಯೆಂ ದಾಟಿ ಕಾಣಕೋಣದಲ್ಲಿ ಇಳಿಯುತ್ತೇವೆ. ಕುಡಿಯುವುದೂ ಅಲ್ಲೇ, ಚರ್ಚೆಯೂ ಅಲ್ಲೇ. ವಾಪಸು ಬರುವಾಗ ಯಾರೂ ಗಾಡಿ ಓಡಿಸಬೇಕಾಗಿಲ್ಲ. ಖಾಲಿ ಕ್ಯಾನು ತರುವುದಕ್ಕೆ ಯಾವ ಅಬಕಾರಿ ಅಧಿಕಾರಿಯ ಆಕ್ಷೇಪವೂ ಇರುವುದಿಲ್ಲ.

ಕೋಕಂ ಗೋಸೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಬ್ರೂವರಿಯ ಬಗ್ಗೆ ಬರೆಯಬೇಕೆನಿಸಿದ್ದೇ ಅದರಿಂದ. ಗೋಸೆ ಜರ್ಮನಿಯ ಗೋಸ್ಲಾರ್ ಪಟ್ಟಣದಲ್ಲಿ ಹುಟ್ಟಿ ಲೈಪ್ಸಿಗ್‌ನಲ್ಲಿ ಬೆಳೆದ ಹುಳಿ ಬಿಯರ್. ಗೋಧಿಯ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಜೊತೆಗೆ ಕೊತ್ತಂಬರಿ ಬೀಜ ಮತ್ತು ಉಪ್ಪು ಅದರ ಲಕ್ಷಣ. ಹುಳಿ, ಉಪ್ಪು, ಕೊತ್ತಂಬರಿ ಎಂದ ಕೂಡಲೇ ನಮ್ಮ ಅಡುಗೆಮನೆಯವರಿಗೆ ಇದರಲ್ಲಿ ಪರದೇಶದ್ದು ಏನೂ ಕಾಣುವುದಿಲ್ಲ. ಇಂದು ಹೆಚ್ಚಿನ ಬ್ರೂವರಿಗಳು ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಬಳ್ಳಿಯ ಹೂವು) ಹಾಕುವ ಮೊದಲೇ ಮಾಲ್ಟಿನ ರಸಕ್ಕೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಹುಳಿ ಬರಿಸುವ ಬ್ಯಾಕ್ಟೀರಿಯಾ ಬೆರೆಸಿ, ಒಂದೆರಡು ದಿನ ಬೆಚ್ಚಗಿಟ್ಟು ಹುಳಿ ಬರಿಸಿ, ಆಮೇಲೆ ಕುದಿಸಿ ಯೀಸ್ಟಿಗೆ ಒಪ್ಪಿಸುತ್ತವೆ. ಆ ಹುಳಿ ಮೊಸರಿನ ಕುಲದ್ದು, ಮೃದುವಾದದ್ದು. ಮುರುಗಲಿನ, ಅಂದರೆ ಕೋಕಂನ, ಹುಳಿ ಹಾಗಲ್ಲ; ಅದು ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ್ದು, ನಾಲಿಗೆಯ ಅಂಚನ್ನು ಹಿಡಿದು ಸ್ವಲ್ಪ ಒಗರನ್ನೂ ಉಳಿಸುತ್ತದೆ. ಈ ಎರಡು ಹುಳಿಗಳು ಒಂದರ ಮೇಲೊಂದು ಬಿದ್ದು ಹೊಡೆದಾಡುವ ಅಪಾಯ ನಿಜಕ್ಕೂ ಇದೆ. ಇಲ್ಲಿ ಅವು ಹೊಡೆದಾಡುವುದಿಲ್ಲ. ಮೊದಲ ಗುಟುಕಿಗೆ ಗೋಧಿಯ ಮೆದುತನ, ನಡುವೆ ಉಪ್ಪು, ಗಂಟಲಿಗಿಳಿದ ಮೇಲೆ ಮುರುಗಲು, ಹೀಗೆ ಸರದಿ ಕಾದು ಬರುತ್ತವೆ. ಎಲ್ಲಕ್ಕಿಂತ ಮೆಚ್ಚಬೇಕಾದದ್ದು ಅವರು ಸಕ್ಕರೆ ಸುರಿದು ಶರಬತ್ತು ಮಾಡಿಲ್ಲ ಎಂಬುದನ್ನು. ಹಣ್ಣು ಹಾಕಿದ ಬಿಯರ್ ಎಂದರೆ ಸಿಹಿ ಇರಲೇಬೇಕೆಂದು ನಂಬಿದ ಅನೇಕ ತಯಾರಕರು ಇದನ್ನು ಒಮ್ಮೆ ಕುಡಿದು ನೋಡಬೇಕು.

ಒಂದು ಸಲಹೆ: ಇದನ್ನು ಕ್ಯಾನಿನಿಂದಲೇ ಕುಡಿಯಬೇಡಿ. ಗಾಜಿನ ಲೋಟಕ್ಕೆ ಸುರಿದರೆ ತಿಳಿ ಗುಲಾಬಿ ಬಣ್ಣವೂ ತೆಳ್ಳಗಿನ ನೊರೆಯೂ ಕಾಣುತ್ತವೆ. ಆ ಬಣ್ಣ ಮುರುಗಲಿನಲ್ಲಿರುವ ಆಂಥೋಸಯನಿನ್ ಎಂಬ ಬಣ್ಣದ ಅಂಶದ್ದು. ಬಿಸಿಗೆ, ಆಮ್ಲಜನಕಕ್ಕೆ ಮತ್ತು ಕಾಲಕ್ಕೆ ಸಿಕ್ಕರೆ ಅದು ಮಾಸಿ ಕಂದಾಗುತ್ತದೆ. ಬಣ್ಣ ಕಂದಿದ್ದರೆ ಕ್ಯಾನು ಹಳೆಯದು ಅಥವಾ ಸೆಕೆಯಲ್ಲಿ ಕೂತದ್ದು ಎಂದು ತಿಳಿಯಬಹುದು. ರವೆ ಹಚ್ಚಿ ಕರಿದ ಬಂಗಡೆಯ ಜೊತೆ ಇದಕ್ಕೆ ಸಾಟಿಯಿಲ್ಲ. ತಿಸರೆ (ಚಿಪ್ಪುಮೀನು) ಸುಕ್ಕೆಯ ಜೊತೆ ಮಾತ್ರ ಹೊಂದಲಿಲ್ಲ, ಕೊಬ್ಬರಿಯ ಜಿಡ್ಡಿಗೂ ಈ ಒಗರಿಗೂ ಆಗಿ ಬರುವುದಿಲ್ಲ. ಕ್ಯಾನಿನ ಮೇಲೆ ‘ಸಮುದ್ರದ ಉಪ್ಪು’ ಎಂದಷ್ಟೇ ಬರೆದಿದ್ದಾರೆ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳು ಇಷ್ಟು ಹತ್ತಿರವಿರುವಾಗ ಆ ಉಪ್ಪನ್ನೇ ತಂದು ಹೆಸರು ಸಮೇತ ಹಾಕಿದ್ದರೆ ಚೆನ್ನಾಗಿತ್ತು ಎಂದು ಬಂದರಿನ ಗೆಳೆಯರು ಹೇಳಿದಾಗ ಎಲ್ಲರೂ ಒಪ್ಪಿದರು.

ಗೋಧಿ ಬಿಯರ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಬವೇರಿಯಾದ ಮಾದರಿಯದು, ಬಾಳೆಹಣ್ಣಿನ ಪರಿಮಳವೂ ಲವಂಗದ ಎಳೆಯೂ ಇವೆ, ಇವೆರಡೂ ಹೊರಗಿನಿಂದ ಹಾಕಿದವಲ್ಲ, ಯೀಸ್ಟ್ ತಾನೇ ಹುಟ್ಟಿಸುವಂಥವು. ಬಾಳೆಹಣ್ಣು ಸ್ವಲ್ಪ ಜಾಸ್ತಿಯಾಗಿದೆ. ಹುದುಗುವಾಗ ತೊಟ್ಟಿಯ ತಾಪ ಏರಿದರೆ ಸಾಮಾನ್ಯವಾಗಿ ಹಾಗಾಗುತ್ತದೆ. ಬಿಯರಿಗೆ ಹೊಸಬರಾದವರಿಗೆ ಇಷ್ಟವಾಗುತ್ತದೆ, ಎರಡನೆಯದು ತರಿಸಬೇಕು ಎನಿಸುವುದಿಲ್ಲ.

ಐಪಿಎ ವಿಷಯ ಬೇರೆ. ಹಾಪ್ಸ್ ನಮ್ಮ ಹವೆಯಲ್ಲಿ ಬೆಳೆಯುವ ಬಳ್ಳಿಯಲ್ಲ. ಅದಕ್ಕೆ ಬೇಸಿಗೆಯ ದೀರ್ಘ ಹಗಲು ಮತ್ತು ಚಳಿಗಾಲದ ಕೊರೆತ ಬೇಕು, ನಮ್ಮ ದೇಶದಲ್ಲಿ ಅದನ್ನು ಬೆಳೆದದ್ದು ಹಿಮಾಚಲದ ಲಾಹೌಲ್ ಕಣಿವೆಯಂಥ ಕಡೆ. ಆ ಹೂವಿನ ಸುಗಂಧ ತೈಲಗಳೇ ಇಂದಿನ ಐಪಿಎಯ ಜೀವ, ಮತ್ತು ಬಿಯರಿನಲ್ಲಿ ಮೊದಲು ಹೋಗುವ ಜೀವವೂ ಅದೇ. ಬ್ರೂವರಿಯವರು ‘3-30-300’ ಎಂಬ ಸ್ಥೂಲ ಲೆಕ್ಕವೊಂದನ್ನು ಹೇಳುತ್ತಾರೆ: ಸುಮಾರು 32 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ 3 ದಿನ ಇಟ್ಟ ಬಿಯರಿಗೆ ಆಗುವ ಹಾನಿಯೂ, 22 ಡಿಗ್ರಿಯಲ್ಲಿ 30 ದಿನ ಇಟ್ಟದ್ದಕ್ಕೆ ಆಗುವ ಹಾನಿಯೂ, ತಂಪು ಪೆಟ್ಟಿಗೆಯ 3 ಡಿಗ್ರಿಯಲ್ಲಿ 300 ದಿನ ಇಟ್ಟದ್ದಕ್ಕೆ ಆಗುವ ಹಾನಿಯೂ ಹೆಚ್ಚುಕಡಿಮೆ ಒಂದೇ. ಏಪ್ರಿಲ್ ತಿಂಗಳ ಕರಾವಳಿಯಲ್ಲಿ 32 ಡಿಗ್ರಿ ಎಂದರೆ ನೆರಳಿನ ಮಾತು. ಅಲ್ಲಿನ ಒಂದು ಅಂಗಡಿಯಲ್ಲಿ ಈ ಕ್ಯಾನುಗಳನ್ನು ಶಟರಿನ ಪಕ್ಕ, ಮಧ್ಯಾಹ್ನದ ಬಿಸಿಲು ತಾಗುವ ಕಡೆ ರಾಶಿ ಹಾಕಿದ್ದರು. ಕೇಳಿದರೆ ಎರಡು ಮಾತ್ರ ಫ್ರಿಜ್ಜಿಗೆ ಹೋಗುತ್ತವೆ, ಅವು ಮಾರಾಟವಾದ ಮೇಲೆ ಮತ್ತೆರಡು ಎಂದರು. ಅಲ್ಲಿ ಕೊಂಡ ಐಪಿಎ ಕಿತ್ತಳೆಯ ಸಿಪ್ಪೆ, ಮಾವು ಏನೂ ಇಲ್ಲದೆ, ನೆನೆದ ರಟ್ಟಿನ ವಾಸನೆಯೊಂದನ್ನೇ ಹೊತ್ತುಕೊಂಡಿತ್ತು. ಅದೇ ಬಿಯರನ್ನು ಪಾಲೋಲೆಂ ಕಡೆಯ ಒಂದು ಹೋಟೆಲಿನಲ್ಲಿ, ಬಂದ ವಾರದಲ್ಲೇ, ಕೋಲ್ಡ್ ಸ್ಟೋರೇಜಿನಿಂದ ತೆಗೆದು ಕೊಟ್ಟಾಗ ನಾವು ಎರಡು ಬೇರೆ ಬಿಯರೇನೋ ಎಂದು ಲೇಬಲ್ ತಿರುಗಿಸಿ ನೋಡಿದೆವು. ಇಂಗ್ಲೆಂಡಿನಿಂದ ಹೊರಟು ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿದ್ದು ಬೊಂಬಾಯಿ, ಕಲಕತ್ತೆಗಳಿಗೆ ಬರುತ್ತಿದ್ದ ಬಿಯರಿನ ವಂಶದ್ದು ಇದು. ಆ ಕಾಲದವರಿಗೆ ಬೇಕಾಗಿದ್ದದ್ದು ಕಹಿ, ಅದು ಪ್ರಯಾಣ ತಾಳಿಕೊಳ್ಳುತ್ತಿತ್ತು. ಇಂದಿನವರಿಗೆ ಬೇಕಾದದ್ದು ಪರಿಮಳ, ಅದು ಒಂದು ಬೇಸಿಗೆಯನ್ನೂ ತಾಳಿಕೊಳ್ಳುವುದಿಲ್ಲ.

ಹೀಗಿರುವಾಗ ಕ್ಯಾನು ಎಂಬ ಆಯ್ಕೆ ಸರಿಯಾದದ್ದೇ. ಹಾಪ್ಸಿನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ದುರ್ವಾಸನೆ ಹುಟ್ಟಿಸುತ್ತದೆ; ಕಂದು ಗಾಜು ಅದನ್ನು ಬಹುಪಾಲು ತಡೆಯುತ್ತದೆ, ಹಸಿರು ಗಾಜು ತಡೆಯುವುದು ಅಲ್ಪ, ಅಲ್ಯೂಮಿನಿಯಂ ಪೂರ್ತಿ ತಡೆಯುತ್ತದೆ. ಬಾಟಲಿಯ ತಗಡಿನ ಮುಚ್ಚಳಕ್ಕೆ ನಮ್ಮ ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯುವ ತಾಪತ್ರಯವೂ ಕ್ಯಾನಿಗಿಲ್ಲ. ಲೋಹದ ರುಚಿ ಬರುತ್ತದೆ ಎಂದು ದೂರುವವರು ಕ್ಯಾನಿನ ಒಳಗೆ ತೆಳುವಾದ ಲೇಪವೊಂದಿದೆ ಎಂಬುದನ್ನು ಮರೆಯುತ್ತಾರೆ. ಲೋಟಕ್ಕೆ ಸುರಿದುಕೊಂಡರೆ ಆ ಅನುಮಾನವೂ ಉಳಿಯುವುದಿಲ್ಲ.

ತಕರಾರಿರುವುದು ಕ್ಯಾನಿನ ಹೊರಮೈಯ ಬಗ್ಗೆ. ಕ್ಯಾನಿನ ಮೇಲೆ ನೇರವಾಗಿ ಮುದ್ರಿಸಬೇಕಾದರೆ ಒಂದೊಂದು ಬಗೆಗೂ ಭಾರೀ ಸಂಖ್ಯೆಯ ಆರ್ಡರ್ ಕೊಡಬೇಕು, ಆದ್ದರಿಂದ ಸಣ್ಣವರು ಬರಿಯ ಕ್ಯಾನು ತಂದು ಸ್ಟಿಕ್ಕರ್ ಅಂಟಿಸುತ್ತಾರೆ ಅಥವಾ ಪ್ಲಾಸ್ಟಿಕ್ ತೊಗಲು ತೊಡಿಸುತ್ತಾರೆ. ಇವರು ಸ್ಟಿಕ್ಕರ್ ಆರಿಸಿಕೊಂಡದ್ದು ತಪ್ಪಲ್ಲ; ಪ್ಲಾಸ್ಟಿಕ್ ತೊಗಲಿದ್ದರೆ ಗುಜರಿಯವರಿಗೆ ಅಲ್ಯೂಮಿನಿಯಂ ಬೇರ್ಪಡಿಸುವುದು ಇನ್ನೂ ಕಷ್ಟ. ಆದರೆ ಮಂಜುಗಡ್ಡೆಯ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೆ ಸ್ಟಿಕ್ಕರಿನ ಅಂಚು ಎದ್ದು, ಕಾಗದ ನೆನೆದು, ಎತ್ತುವಾಗ ಅಂಗೈಗೆ ಬರುತ್ತದೆ. ಐಸ್ ಪೆಟ್ಟಿಗೆಯಲ್ಲೇ ಬಿಯರ್ ತಂಪು ಮಾಡುವ ಊರುಗಳಿಗೆ ಇಂಥ ಕಾಗದ ಕಳಿಸುವುದು ಮಳೆಗಾಲದಲ್ಲಿ ಹಪ್ಪಳ ಒಣಗಿಸಲು ಹೊರಟ ಹಾಗೆ. ಇನ್ನೂ ದೊಡ್ಡ ದೋಷ ತಾರೀಖಿನದು. ತಯಾರಿಕೆಯ ದಿನಾಂಕವನ್ನು ಕ್ಯಾನಿನ ತಳದಲ್ಲಿ, ಬೆಳ್ಳಿಯ ಮೇಲೆ ಮಸುಕು ಬೂದು ಚುಕ್ಕಿಗಳಲ್ಲಿ ಹೊಡೆದಿದ್ದಾರೆ. ನಮ್ಮಲ್ಲಿ ಕನ್ನಡಕ ಹಾಕುವವರು ಮೊಬೈಲಿನ ಟಾರ್ಚ್ ಹಿಡಿದು ಓದಬೇಕಾಯಿತು. ಅದರ ಪಕ್ಕದಲ್ಲೇ ‘6 ತಿಂಗಳೊಳಗೆ ಉತ್ತಮ’ ಎಂದಿದೆ. ಗೋಧಿ ಬಿಯರಿಗೂ ಐಪಿಎಗೂ ಒಂದೇ 6 ತಿಂಗಳು ಹೇಗೆ? ಪಾಶ್ಚರೀಕರಣ ಮಾಡದ, ಹಾಪ್ಸಿನ ಪರಿಮಳವನ್ನೇ ನಂಬಿದ ಬಿಯರಿಗೆ ಅದರ ಅರ್ಧವೂ ಹೆಚ್ಚೇ, ಅದೂ ತಂಪಿನಲ್ಲಿಟ್ಟರೆ. ‘ತಂಪಿನಲ್ಲಿಡಿ’ ಎಂಬ ಒಂದು ಸಾಲನ್ನು ಅಂಗಡಿಯವರ ಕಣ್ಣಿಗೆ ಬೀಳುವಂತೆ ದಪ್ಪ ಅಕ್ಷರದಲ್ಲಿ, ಪೆಟ್ಟಿಗೆಯ ಮೇಲಾದರೂ, ಹಾಕಬಹುದಿತ್ತು.

ಐಪಿಎ ಕ್ಯಾನಿನ ಮೇಲೆ ‘ಸ್ಟ್ರಾಂಗ್’ ಎಂದಿರುವುದನ್ನು ನೋಡಿ ಹಿಂಜರಿಯುವವರಿಗೆ ಒಂದು ಮಾತು. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಮದ್ಯಸಾರ ಶೇ. 5 ದಾಟಿದ ಯಾವ ಬಿಯರೂ ಸ್ಟ್ರಾಂಗ್ ವರ್ಗಕ್ಕೇ ಸೇರುತ್ತದೆ, ಮಿತಿ ಶೇ. 8. ಹಾಗಾಗಿ ಶೇ. 6ರ ಐಪಿಎಗೂ, ಬಾರಿನಲ್ಲಿ ಕಿಕ್ಕಿಗಾಗಿ ತರಿಸುವ 650 ಮಿಲಿಯ ಬಾಟಲಿಗೂ ಒಂದೇ ಹಣೆಪಟ್ಟಿ ಬೀಳುತ್ತದೆ. ಬ್ರೂವರಿಯನ್ನು ದೂರಿ ಪ್ರಯೋಜನವಿಲ್ಲ.

ಕಾಳುಮೆಣಸಿನ ಸೇಸಾನ್ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಸೇಸಾನ್ ಬೆಲ್ಜಿಯಂನ ಹಳ್ಳಿಗಾಡಿನ ಬಿಯರ್. ಅದರ ಯೀಸ್ಟೇ ಮೆಣಸಿನಂಥ ಕಾರದ ಎಳೆಯೊಂದನ್ನು ಕೊಡುತ್ತದೆ. ಅದರ ಮೇಲೆ ನಿಜವಾದ ಮೆಣಸು ಹಾಕುವುದು ಅನಾವಶ್ಯಕವೆಂದು ಕೈಗಾದ ಗೆಳೆಯರ ವಾದ. ಶಿರಸಿಯವರು ಒಪ್ಪುವುದಿಲ್ಲ, ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸನ್ನು ಬಲ್ಲವರು ಅವರು, ಕಾರಕ್ಕಿಂತ ಹೆಚ್ಚಾಗಿ ಆ ಹಸಿ ಘಮ ಇದರಲ್ಲಿ ಬಂದಿದೆ ಎನ್ನುತ್ತಾರೆ. ನನಗೆ ಮೊದಲರ್ಧ ಹಿಡಿಸಿತು, ಬಿಸಿಯೇರಿದ ಮೇಲೆ ಕೊನೆಯ ಗುಟುಕುಗಳು ಕಷಾಯದ ಕಡೆ ವಾಲಿದವು. ಲೇಬಲ್ಲಿನ ಮೇಲೆ ಪೋರ್ಚುಗೀಸ್ ಹಡಗೊಂದನ್ನು ಬರೆಸಿದ್ದಾರೆ, ಚಿತ್ರ ಸೊಗಸಾಗಿದೆ. ಆದರೆ ಈ ಕರಾವಳಿಯ ಮೆಣಸಿನ ಮಾತು ಬಂದರೆ ಹಡಗಿನವರಿಗಿಂತ ಮೊದಲು ನೆನಪಾಗಬೇಕಾದವಳು ಗೇರುಸೊಪ್ಪೆಯ ಚೆನ್ನಭೈರಾದೇವಿ. ‘ಮೆಣಸಿನ ರಾಣಿ’ ಎಂದು ಅವಳನ್ನು ಕರೆದವರು ಆ ಪೋರ್ಚುಗೀಸರೇ. ಮುಂದಿನ ಮುದ್ರಣದಲ್ಲಿ ಹಡಗನ್ನು ದೂರದಲ್ಲಿ ಸಣ್ಣದಾಗಿ ನಿಲ್ಲಿಸಿ ರಾಣಿಗೆ ಜಾಗ ಕೊಡಲಿ.

ಬೆಲೆ ಕ್ಯಾನಿಗೆ 150ರಿಂದ 180 ರೂಪಾಯಿ, ಎಲ್ಲವೂ 330 ಮಿಲಿ. ಗೋಸೆಗೂ ಸೇಸಾನಿಗೂ ಈ ಅಳತೆ ಸರಿಹೋಗುತ್ತದೆ. ಗೋಧಿ ಬಿಯರನ್ನು 500 ಮಿಲಿಯಲ್ಲಿ ತಂದರೆ ಕೊಳ್ಳುವವರಿಗೆ ಲಾಭ ಎಂದು ನಮ್ಮಲ್ಲಿ ಅರ್ಧ ಜನರ ಅಭಿಪ್ರಾಯ, ಅಷ್ಟು ದೊಡ್ಡ ಕ್ಯಾನು ಮುಗಿಯುವಷ್ಟರಲ್ಲಿ ನಮ್ಮ ಸೆಕೆಗೆ ಬೆಚ್ಚಗಾಗುತ್ತದೆ ಎಂದು ಉಳಿದರ್ಧದ ಅಭಿಪ್ರಾಯ. ಕೊಳ್ಳುವವರು ಫ್ರಿಜ್ಜಿನೊಳಗಿನದನ್ನೇ ಕೇಳಿ, ತಳ ತಿರುಗಿಸಿ ತಾರೀಖು ನೋಡಿ. ಐಪಿಎ ಎರಡು ತಿಂಗಳು ದಾಟಿದ್ದರೆ ಬಿಟ್ಟು ಗೋಸೆ ತೆಗೆದುಕೊಳ್ಳಿ.