ವಿನೈಲ್ ಕಟ್ಟರ್‌ಗೆ ಯಾವ ಡಿಸೈನ್ ಸಾಫ್ಟ್‌ವೇರ್? ನನ್ನ ಓಟು ಇಂಕ್‌ಸ್ಕೇಪ್‌ಗೆ

ವಿನೈಲ್ ಅನ್ನುವ ಅಂಟುವ ಪ್ಲಾಸ್ಟಿಕ್ ಹಾಳೆಯನ್ನು ಬ್ಲೇಡಿನಿಂದ ಆಕಾರಕ್ಕೆ ಕತ್ತರಿಸುವ ಮಷಿನ್ ಈ ಕಟ್ಟರ್. ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಇಂಕ್‌ಸ್ಕೇಪ್ ಗೆದ್ದಿದೆ. ಅದು ಪುಕ್ಕಟೆ ಅನ್ನುವುದು ಒಂದು ಕಾರಣ, ದೊಡ್ಡ ಕಾರಣ ಬೇರೆ ಇದೆ. ಕಟ್ಟರ್ ಜೊತೆ ಬಂದ ಸಾಫ್ಟ್‌ವೇರ್, ಕೋರೆಲ್‌ಡ್ರಾ, ಇಲ್ಲಸ್ಟ್ರೇಟರ್, ಇಂಕ್‌ಸ್ಕೇಪ್ ನಾಲ್ಕರಲ್ಲೂ ಸ್ಟಿಕ್ಕರ್ ಮಾಡಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ನನ್ನ ಕೆಲಸ ಹೆಚ್ಚಾಗಿ ಅಕ್ಷರ, ಲೋಗೋ, ಡಬ್ಬಿಗಳಿಗೆ ಲೇಬಲ್. ಒಂದೇ ಬಣ್ಣದ ವಿನೈಲ್. ನಿಮ್ಮದು ಬೇರೆ ಥರದ ಕೆಲಸವಾದರೆ ಲೆಕ್ಕ ಬದಲಾಗಬಹುದು.

ಕಟ್ಟರ್‌ಗೆ ಬಣ್ಣ ಗೊತ್ತಿಲ್ಲ, ನೆರಳು ಗೊತ್ತಿಲ್ಲ, ಗೆರೆಯ ದಪ್ಪವೂ ಗೊತ್ತಿಲ್ಲ. ಬ್ಲೇಡ್ ಎಲ್ಲಿ ಇಳಿಯಬೇಕು, ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ಏಳಬೇಕು, ಅಷ್ಟೇ ಅದಕ್ಕೆ ಬೇಕಾಗಿರುವುದು. ಪರದೆ ಮೇಲೆ 5 ಮಿ.ಮೀ. ದಪ್ಪದ ಗೆರೆ ಎಳೆದಿದ್ದರೂ ಅದರ ನಟ್ಟನಡುವೆ ಒಂದು ಸೀಳು ಬೀಳುತ್ತದೆ. ದಪ್ಪ ಉಳಿಯಬೇಕಾದರೆ ಇಂಕ್‌ಸ್ಕೇಪ್‌ನಲ್ಲಿ 'ಸ್ಟ್ರೋಕ್ ಟು ಪಾತ್' ಕೊಡಬೇಕು, ಆಗ ಗೆರೆಯ ಅಂಚುಗಳೇ ಬ್ಲೇಡ್ ಹೋಗುವ ದಾರಿ, ಅಂದರೆ ಪಾತ್, ಆಗುತ್ತವೆ. ಹಾಗಾಗಿ ನೂರಾರು ಎಫೆಕ್ಟ್ ಇರುವ ಸಾಫ್ಟ್‌ವೇರ್ ಇಲ್ಲಿ ಸುಮ್ನೆ ಭಾರ. ಪಾತ್ ಚೆನ್ನಾಗಿ ತಿದ್ದಲು ಬಂದರೆ ಸಾಕು.

ಅಕ್ಷರಗಳ ವಿಷಯದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಕೂಡಿಸಿ ಬರೆದ ಹಾಗಿರುವ ಇಂಗ್ಲಿಷ್ ಫಾಂಟ್‌ಗಳಲ್ಲಿ ಒಂದು ಅಕ್ಷರದ ಬಾಲ ಇನ್ನೊಂದರ ಮೇಲೆ ಕೂತಿರುತ್ತದೆ. ಹಾಗೇ ಕಳಿಸಿದರೆ ಪ್ರತಿ ಸಂದಿಯಲ್ಲೂ ಬ್ಲೇಡ್ ಅಡ್ಡ ಕತ್ತರಿಸುತ್ತದೆ, ಹೆಸರು ತುಂಡು ತುಂಡಾಗಿ ಏಳುತ್ತದೆ. ಕನ್ನಡದಲ್ಲೂ ಇದೇ ಪಾಡು. ಮೂಲ ಅಕ್ಷರಕ್ಕೆ ತಾಗಿದ ಒತ್ತು ಬೇರೆ ಆಕಾರವಾಗಿ ಉಳಿದಿದ್ದರೆ ತಾಗಿದ ಕಡೆ ಸೀಳು ಬೀಳುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಫಾಂಟ್ ಹಾಕಿದರೆ ಒತ್ತಕ್ಷರ ಸರಿಯಾಗಿ ಮೂಡುತ್ತದೆ. ಆಮೇಲೆ ಅಕ್ಷರವನ್ನು ಪಾತ್ ಮಾಡುವ 'ಆಬ್ಜೆಕ್ಟ್ ಟು ಪಾತ್', ಗುಂಪು ಬಿಡಿಸಿ ಆಕಾರಗಳನ್ನು ಒಂದಾಗಿಸುವ 'ಯೂನಿಯನ್'. ಕೆಲಸ ಮುಗಿಯಿತು. ಮಷಿನ್ ಜೊತೆ ಬಂದದ್ದರಲ್ಲಿ ನನಗೆ ಒತ್ತು ಪಕ್ಕಕ್ಕೆ ಜಾರಿ ನಿಂತಿತು. ಅಲ್ಲಿಗೆ ಅದರಲ್ಲಿ ಅಕ್ಷರ ಟೈಪ್ ಮಾಡುವ ಆಸೆಯನ್ನೇ ಬಿಟ್ಟೆ.

ಆದರೂ ಅದನ್ನು ಕತ್ತರಿಸಲು ಮಾತ್ರ ಬಳಸೋಣ, ಡಿಸೈನ್ ಎಸ್‌ವಿಜಿ (ಪಾತ್‌ಗಳನ್ನು ಉಳಿಸುವ ಒಂದು ಬಗೆ) ಫೈಲಾಗಿ ಇಂಕ್‌ಸ್ಕೇಪ್‌ನಿಂದ ಬರಲಿ ಅಂದುಕೊಂಡೆ. ನಿಜವಾದ ಕಿರಿಕಿರಿ ಶುರುವಾದದ್ದು ಇಲ್ಲಿ. ಇಂಕ್‌ಸ್ಕೇಪ್‌ನಲ್ಲಿ 300 ಮಿ.ಮೀ. ಅಗಲ ಇದ್ದ ಹೆಸರು ವಿನೈಲ್ ಮೇಲೆ 400 ಮಿ.ಮೀ. ಆಗಿ ಬಂತು. ಬ್ಲೇಡ್ ಚೆನ್ನಾಗಿ ಕತ್ತರಿಸಿತ್ತು, ಅಂಚು ನುಣ್ಣಗಿತ್ತು. ಅಳತೆ ಮಾತ್ರ ತಪ್ಪು. ರೋಲಿನ ಒಳ್ಳೆಯ ತುಂಡೊಂದು ಕಸಕ್ಕೆ ಹೋಯಿತು.

ಕಾರಣ ಇಷ್ಟೇ. ಎಸ್‌ವಿಜಿ ಪುಟದ ಅಳತೆ ಪಿಕ್ಸೆಲ್‌ನಲ್ಲಿದ್ದರೆ, ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನುವುದನ್ನು ತೆರೆಯುವ ಸಾಫ್ಟ್‌ವೇರ್ ತಾನೇ ತೀರ್ಮಾನಿಸುತ್ತದೆ. ಇಲ್ಲಸ್ಟ್ರೇಟರ್ ಲೆಕ್ಕ 72. ಹಳೆಯ ಇಂಕ್‌ಸ್ಕೇಪ್ 90 ಹಿಡಿಯುತ್ತಿತ್ತು. 2017ರಲ್ಲಿ ಬಂದ 0.92 ಆವೃತ್ತಿಯಿಂದ 96. ನನ್ನ ಕಟ್ಟರ್ ಸಾಫ್ಟ್‌ವೇರ್ 72 ಹಿಡಿದುಕೊಂಡು ಕೂತಿತ್ತು. 96ನ್ನು 72ರಿಂದ ಭಾಗಿಸಿದರೆ ಒಂದೂ ಮೂರನೇ ಒಂದು. 300 ಹೋಗಿ 400 ಆಗಲೇಬೇಕಲ್ವಾ? ಹಳೇ 90ರ ಫೈಲನ್ನು 96 ಅಂತ ಓದಿದರೆ ಉಲ್ಟಾ, 300ರ ಜಾಗದಲ್ಲಿ 281 ಚಿಲ್ಲರೆ ಬರುತ್ತದೆ. ಇದು ಇನ್ನೂ ಅಪಾಯ. 400 ಆದರೆ ಕಣ್ಣಿಗೆ ಕಾಣುತ್ತದೆ, 281 ಆದರೆ ಅಂಟಿಸುವವರೆಗೂ ಗೊತ್ತಾಗುವುದಿಲ್ಲ.

ದಾರಿಗಳಿವೆ. ಡಾಕ್ಯುಮೆಂಟ್ ಪ್ರಾಪರ್ಟೀಸ್‌ಗೆ ಹೋಗಿ ಅಳತೆಯನ್ನು ಮಿ.ಮೀ.ಗೆ ಬದಲಾಯಿಸಬಹುದು. ಆದರೆ ಕತ್ತರಿಸುವ ಸಾಫ್ಟ್‌ವೇರ್ ಆ ಮಿ.ಮೀ.ಯನ್ನು ಗೌರವಿಸಿ ಓದಬೇಕು, ಎಲ್ಲವೂ ಓದುವುದಿಲ್ಲ. ಪ್ರತಿ ಸಲ 75 ಶೇಕಡಾಕ್ಕೆ ಇಳಿಸಬಹುದು. ಮರೆತರೆ ಮತ್ತೆ ವಿನೈಲ್ ಹಾಳು. ಡಿಸೈನ್ ಪಕ್ಕದಲ್ಲಿ 100 ಮಿ.ಮೀ. ಚೌಕ ಒಂದನ್ನು ಇಟ್ಟು, ಆ ಕಡೆ ತೆರೆದಾಗ ಅದು 100 ಇದೆಯಾ ಅಂತ ನೋಡಿ, ಕತ್ತರಿಸುವ ಮೊದಲು ಅಳಿಸುವುದು ಒಳ್ಳೆಯ ಉಪಾಯ. ಎರಡು ಸಾಫ್ಟ್‌ವೇರ್ ನಡುವೆ ಓಡಾಡುವವರು ಇದನ್ನು ಅಭ್ಯಾಸ ಮಾಡಿಕೊಳ್ಳಲೇಬೇಕು.

ನಾನು ಓಡಾಟವನ್ನೇ ನಿಲ್ಲಿಸಿದೆ. ನನ್ನ ಕಟ್ಟರ್ ಎಚ್‌ಪಿಜಿಎಲ್ ಭಾಷೆ ಅರ್ಥಮಾಡಿಕೊಳ್ಳುತ್ತದೆ. ಪೆನ್ ಓಡಿಸಿ ಗೆರೆ ಎಳೆಯುವ ಪ್ಲಾಟರ್ ಮಷಿನ್‌ಗಳ ಹಳೆಯ ಭಾಷೆ ಇದು. ಅದರಲ್ಲಿ ಒಂದು ಯೂನಿಟ್ ಅಂದರೆ 0.025 ಮಿ.ಮೀ., ಅಂದರೆ ಮಿಲಿಮೀಟರಿಗೆ 40. 72, 90, 96ರ ಜಗಳಕ್ಕೆ ಅಲ್ಲಿ ಜಾಗವೇ ಇಲ್ಲ. ಇಂಕ್‌ಸ್ಕೇಪ್‌ನ ಎಕ್ಸ್‌ಟೆನ್ಷನ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಕೆಳಗೆ 'ಪ್ಲಾಟ್' ಅಂತ ಒಂದಿದೆ. ಸೀರಿಯಲ್ ಪೋರ್ಟ್ ನಂಬರ್, ಬಾಡ್ ರೇಟ್ (ಮಾಹಿತಿ ಕಳಿಸುವ ವೇಗ) ಮಷಿನ್‌ಗೆ ಹೊಂದುವಂತೆ ಕೊಟ್ಟರೆ ನೇರವಾಗಿ ಕಟ್ಟರ್‌ಗೇ ಕಳಿಸುತ್ತದೆ. ಬ್ಲೇಡ್ ಆಫ್‌ಸೆಟ್ ಹಾಕುವ ಜಾಗವೂ ಅಲ್ಲೇ ಇದೆ. ಬ್ಲೇಡಿನ ತುದಿ ಅದರ ನಡುವಿನಿಂದ ಸ್ವಲ್ಪ ಹಿಂದೆ ಎಳೆದುಕೊಂಡು ಬರುತ್ತದಲ್ಲ, ಆ ದೂರ ಅದು. ಸಾಮಾನ್ಯವಾಗಿ 0.25 ಮಿ.ಮೀ. ಸುತ್ತಮುತ್ತ ಇರುತ್ತದೆ. ಇದು ಸರಿಯಿಲ್ಲದಿದ್ದರೆ ಚೌಕದ ಮೂಲೆಗಳು ದುಂಡಗಾಗುತ್ತವೆ. ಓವರ್‌ಕಟ್ ಕೂಡ ಇದೆ. ಶುರುವಾದ ಜಾಗ ದಾಟಿ ಒಂಚೂರು ಮುಂದೆ ಕತ್ತರಿಸಿದರೆ ವೀಡಿಂಗ್ (ಬೇಡದ ವಿನೈಲ್ ಕಿತ್ತು ತೆಗೆಯುವುದು) ಮಾಡುವಾಗ ಆ ತುದಿ ಅಂಟಿಕೊಂಡು ಹರಿಯುವುದಿಲ್ಲ.

ಈಗ ಉಳಿದವು. ಕೋರೆಲ್‌ಡ್ರಾ ಒಳ್ಳೆಯ ಸಾಫ್ಟ್‌ವೇರ್, ಅದರಲ್ಲಿ ಎರಡು ಮಾತಿಲ್ಲ. ಸ್ಟಿಕ್ಕರ್ ಸುತ್ತ ಅಂಚು ಕೊಡುವ 'ಕಾಂಟೂರ್', ಆಕಾರ ಕೂಡಿಸುವ 'ವೆಲ್ಡ್', ಚಿತ್ರವನ್ನು ಗೆರೆಗೆ ತರುವ 'ಪವರ್‌ಟ್ರೇಸ್' ಎಲ್ಲ ಕೈಗೆ ಬೇಗ ಸಿಗುತ್ತವೆ. ಪ್ಲಾಟರ್‌ಗೆ ಕೊಡುವ ಪಿಎಲ್‌ಟಿ ಫೈಲನ್ನೂ ಹೊರಗೆ ಕೊಡುತ್ತದೆ. ದಿನವಿಡೀ ಬೋರ್ಡ್ ಕೆಲಸ ಮಾಡುವವರಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತದೆ. ನನಗೆ ಬರುವುದಿಲ್ಲ.

ಇಲ್ಲಸ್ಟ್ರೇಟರ್‌ಗೆ ಚಂದಾ ಕಟ್ಟುತ್ತಲೇ ಇರಬೇಕು. ಹಾಗಾಗಿ ಅದು ಬೇಡ.

ಟ್ರೇಸ್ ವಿಷಯದಲ್ಲಿ ಇಂಕ್‌ಸ್ಕೇಪ್ ಸ್ವಲ್ಪ ಹಿಂದೆ. ಮಸುಕು ಫೋಟೋ ಕೊಟ್ಟರೆ ಸಾವಿರಾರು ನೋಡ್ (ಪಾತ್‌ನ ಬಿಂದುಗಳು) ಎಬ್ಬಿಸುತ್ತದೆ, ಕಟ್ಟರ್ ತಡವರಿಸುತ್ತಾ ನಡೆಯುತ್ತದೆ. 'ಸಿಂಪ್ಲಿಫೈ' ಒಂದೆರಡು ಸಲ ಒತ್ತಿದರೆ ಸುಧಾರಿಸುತ್ತದೆ. ಜಾಸ್ತಿ ಒತ್ತಿದರೆ ಮೂಗು ಕರಗುತ್ತದೆ.

ಮಷಿನ್ ಯಾವುದು ಅನ್ನುವುದೂ ಮುಖ್ಯ. ಕ್ರಿಕಟ್ ಕಂಪನಿಯ ಕಟ್ಟರ್ ಇದ್ದವರು ಕತ್ತರಿಸಲು ಅದರದೇ ಸಾಫ್ಟ್‌ವೇರ್ ಡಿಸೈನ್ ಸ್ಪೇಸ್ ಮೂಲಕವೇ ಹೋಗಬೇಕು, ಅದಕ್ಕೆ ಖಾತೆ ಬೇಕು. ಆದರೆ ಎಸ್‌ವಿಜಿ ತೆಗೆದುಕೊಳ್ಳುತ್ತದೆ, ಹಾಗಾಗಿ ಡಿಸೈನ್ ಇಂಕ್‌ಸ್ಕೇಪ್‌ನಲ್ಲೇ ಇರಬಹುದು. ಸಿಲೂಯೆಟ್ ಕಟ್ಟರ್‌ಗಳ ಸಾಫ್ಟ್‌ವೇರ್ ಸಿಲೂಯೆಟ್ ಸ್ಟುಡಿಯೋದ ಉಚಿತ ಆವೃತ್ತಿ ಎಸ್‌ವಿಜಿ ತೆರೆಯುವುದಿಲ್ಲ, ಡಿಎಕ್ಸ್‌ಎಫ್ ಅನ್ನುವ ಇನ್ನೊಂದು ಬಗೆಯ ಫೈಲ್ ತೆರೆಯುತ್ತದೆ. ಎಸ್‌ವಿಜಿ ಬೇಕಾದರೆ ದುಡ್ಡು ಕೊಟ್ಟು ಡಿಸೈನರ್ ಎಡಿಷನ್‌ಗೆ ಹೋಗಬೇಕು. ಇಂಕ್‌ಸ್ಕೇಪ್‌ನಿಂದ ಡಿಎಕ್ಸ್‌ಎಫ್ ಉಳಿಸುವಾಗ ಬೇಸ್ ಯೂನಿಟ್ ಕೇಳುತ್ತದೆ, ಅಲ್ಲಿ ಮಿ.ಮೀ. ಅಂತ ಇರಲಿ.

ಬಣ್ಣದಲ್ಲಿ ಪ್ರಿಂಟ್ ಮಾಡಿ, ಹಾಳೆಯ ಮೇಲಿನ ಗುರುತನ್ನು ಕಟ್ಟರ್‌ಗೆ ಓದಿಸಿ ಚಿತ್ರದ ಸುತ್ತ ಕತ್ತರಿಸುವ ಕೆಲಸಕ್ಕೆ ಮಾತ್ರ ನಾನೂ ಮಷಿನ್ ಜೊತೆ ಬಂದದ್ದನ್ನೇ ತೆರೆಯುತ್ತೇನೆ. ಆ ಗುರುತು ಎಲ್ಲಿ ಇಡಬೇಕು ಅನ್ನುವುದು ಅದಕ್ಕೇ ಸರಿಯಾಗಿ ಗೊತ್ತು. ಆಗಲೂ ಪಕ್ಕದಲ್ಲಿ 100 ಮಿ.ಮೀ. ಚೌಕ ಇದ್ದೇ ಇರುತ್ತದೆ.