ಸೋಲ್ಡರ್ ಹಾಕದೆ ಹಳಿಗೆ ಕರೆಂಟ್: ನಾಲ್ಕು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಸೀಸ ಕರಗಿಸಿ ವೈರ್ ಬೆಸೆಯುವ ಸೋಲ್ಡರಿಂಗ್ ಐರನ್ ನನ್ನ ಕೈಗೆ ಒಗ್ಗುವುದಿಲ್ಲ. ಮಾಡೆಲ್ ರೈಲಿನ ಎಂಜಿನ್ನಿಗೆ ಕರೆಂಟ್ ಸಿಗುವುದು ಹಳಿಯಿಂದಲೇ, ಹಾಗಾಗಿ ಹಳಿಗೆ ವೈರ್ ಕೊಡಲೇಬೇಕು. ಮಾಡೆಲ್ ರೈಲಿನ ಹುಚ್ಚು ಹಿಡಿದ ಹೊಸತರಲ್ಲಿ 914 ಮಿ.ಮೀ. ಉದ್ದದ ಫ್ಲೆಕ್ಸಿ ಟ್ರ್ಯಾಕಿಗೆ (ಬೇಕಾದ ಹಾಗೆ ಬಾಗಿಸಬಹುದಾದ ಹಳಿ) ವೈರ್ ಹಚ್ಚಲು ಕೂತಿದ್ದೆ. ಹಳಿ ಬಿಸಿಯಾಗಿ ಸೀಸ ಹಿಡಿಯುವಷ್ಟರಲ್ಲಿ ಹಳಿ ಕೆಳಗಿನ ಅಡ್ಡಪಟ್ಟಿಗಳು, ಅಂದರೆ ನಾಲ್ಕು ಪ್ಲಾಸ್ಟಿಕ್ ಸ್ಲೀಪರ್, ಮೇಣದ ಹಾಗೆ ಕರಗಿದವು. 16.5 ಮಿ.ಮೀ. ಇರಬೇಕಾದ ಹಳಿಯ ಅಂತರ ಅಲ್ಲಿ ಅಗಲವಾಯಿತು, ಬೋಗಿಗಳು ಅಲ್ಲಿಗೆ ಬಂದಾಗಲೆಲ್ಲ ಹಳಿ ತಪ್ಪಿದವು. ಅವತ್ತೇ ಐರನ್ ಅಟ್ಟ ಸೇರಿತು.

ಆಮೇಲೆ ಸೋಲ್ಡರ್ ಬೇಡದ ದಾರಿಗಳನ್ನೇ ಒಂದೊಂದಾಗಿ ಬಳಸುತ್ತ ಬಂದಿದ್ದೇನೆ. ನಮ್ಮದು ಉಡುಪಿ ಕಡೆ. ಹಂಚಿನ ಮಾಡಿನ ಕೆಳಗೆ ಉಪ್ಪರಿಗೆ ಕೋಣೆ, ಎಂಟು ಅಡಿಗೆ ನಾಲ್ಕು ಅಡಿ ಪ್ಲೈವುಡ್, ಅದರ ಮೇಲೆ ಎಚ್‌ಒ ಅಳತೆಯ (ನಿಜ ರೈಲಿನ 87ನೇ ಒಂದು ಪಾಲು) ಲೇಔಟ್, ಸಾದಾ 12 ವೋಲ್ಟ್ ಡಿಸಿ ಕಂಟ್ರೋಲರ್. ಜೂನ್ ಬಂತೆಂದರೆ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿದು. ಒಣ ಊರಿನವರಿಗೆ ಹತ್ತು ವರ್ಷ ಬಾಳುವ ಜಾಯಿಂಟ್ ಇಲ್ಲಿ ಎರಡೇ ಮಳೆಗಾಲದಲ್ಲಿ ತನ್ನ ಬಣ್ಣ ತೋರಿಸುತ್ತದೆ. ಹಾಗಾಗಿ ನಾನು ಲೆಕ್ಕ ಇಡುವುದು ವರ್ಷದಲ್ಲಲ್ಲ, ಮಳೆಗಾಲದಲ್ಲಿ.

ಮೊದಲು ಕೊಂಡದ್ದು ಫ್ಯಾಕ್ಟರಿಯಲ್ಲೇ ವೈರ್ ಕೂರಿಸಿದ ರೈಲ್ ಜಾಯಿನರ್. ಎರಡು ಹಳಿಗಳನ್ನು ಸೇರಿಸುವ ಆ ಪುಟ್ಟ ಲೋಹದ ತಗಡಿಗೇ ವೈರ್ ಬೆಸೆದಿರುತ್ತಾರೆ. ಹಳಿಯ ಬುಡಕ್ಕೆ ತೂರಿಸಿ, ಪ್ಲೈವುಡ್ಡಿನಲ್ಲಿ ತೂತು ಕೊರೆದು ವೈರನ್ನು ಕೆಳಗೆ ಇಳಿಸಿದರೆ ಮುಗಿಯಿತು. ಹೊರದೇಶದಿಂದ ತರಿಸಬೇಕು, ಕಸ್ಟಮ್ಸ್ ಸೇರಿ ದುಬಾರಿ. ಆದರೂ ಮೊದಲ ವರ್ಷ ಅದಕ್ಕೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ.

ಮೊದಲ ಮಳೆಗಾಲದ ನಡುವೆ ಒಂದು ದಿನ ಮಗಳು ಮೇಲಿಂದ ಕೂಗಿದಳು, "ಅಪ್ಪಾ, ಗುಡ್ಡದ ಒಳಗೆ ಹೋದ ರೈಲು ಬರ್ಲೇ ಇಲ್ಲ!" ನಮ್ಮ ಕೊಂಕಣ ರೈಲ್ವೆ ನೋಡಿ ಬೆಳೆದವನು ನಾನು, ಲೇಔಟಿನಲ್ಲೂ ಸುರಂಗ ಇರಲೇಬೇಕಲ್ವಾ? ಥರ್ಮೋಕೋಲ್ ಗುಡ್ಡದ ಕೆಳಗೆ, ಕೈಗೆ ಸುಲಭಕ್ಕೆ ಎಟುಕದ ಜಾಗದಲ್ಲೇ ಎಂಜಿನ್ ನಿಂತಿತ್ತು. ಮಲ್ಟಿಮೀಟರ್ ಇಟ್ಟರೆ ಅಲ್ಲಿ ಭರ್ತಿ 12 ವೋಲ್ಟ್. ಎಂಜಿನ್ನೇ ಹಾಳಾಗಿದೆ ಅಂತ ಒಂದು ವಾರ ಅದನ್ನು ಬಿಚ್ಚಿ ಕೂತೆ.

ತಪ್ಪು ನನ್ನದೇ. ರೈಲು ಓಡದಿದ್ದಾಗ ಅಳೆದರೆ ಮೀಟರ್ ಸುಳ್ಳು ಹೇಳುತ್ತದೆ. ಮೀಟರ್ ಎಳೆಯುವ ಕರೆಂಟ್ ಎಷ್ಟು ಮಹಾ? ಕಿಲುಬು ಹಿಡಿದ ಜಾಯಿಂಟಿನಲ್ಲೂ ಅಷ್ಟು ಸಲೀಸಾಗಿ ಹರಿಯುತ್ತದೆ. ಮೋಟಾರು ಅರ್ಧ ಆಂಪಿಯರ್ ಕೇಳಿದಾಗಲೇ ನಿಜ ಹೊರಬರುವುದು. ಎಂಜಿನನ್ನು ಹಳಿ ಮೇಲಿಟ್ಟು, ಚಕ್ರ ತಿರುಗುವಂತೆ ಕೈಯಲ್ಲಿ ತಡೆಹಿಡಿದು ಅಳೆದೆ. ಒಂಬತ್ತೂವರೆ! ಅಂದರೆ ಎರಡೂವರೆ ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು. ಅರ್ಧ ಆಂಪಿಯರಿಗೆ ಇಷ್ಟು ಅಂದರೆ ಜಾಯಿಂಟುಗಳ ಅಡ್ಡಿ ಐದು ಓಮ್.

ಒಂದು ಜಾಯಿನರ್ ಎಳೆದು ನೋಡಿದೆ. ಒಳಗೆ ಮಂಕಾದ ಬೂದು ಪದರ. ಹಳಿಯ ಲೋಹಕ್ಕೆ ನಿಕಲ್ ಸಿಲ್ವರ್ ಅಂತ ಹೆಸರಿದ್ದರೂ ಅದರಲ್ಲಿ ಬೆಳ್ಳಿ ಚೂರೂ ಇಲ್ಲ, ತಾಮ್ರ, ನಿಕಲ್, ಸತು ಅಷ್ಟೇ. ತುಕ್ಕು ಹಿಡಿಯದಿದ್ದರೂ ಮಂಕಾಗುತ್ತದೆ. ಪಕ್ಕದ ಇನ್ನೊಂದು ಜಾಯಿನರಿನಲ್ಲಿ ಬೇರೆಯೇ ಕಥೆ. ಜಲ್ಲಿ ಕೂರಿಸಲು ನಾನೇ ಸುರಿದಿದ್ದ ಬಿಳಿ ಅಂಟಿನ ನೀರು ಒಳಗೆ ಇಳಿದು ಒಣಗಿತ್ತು. ಅಂಟು ಕರೆಂಟ್ ಬಿಡುತ್ತದೆಯೇ?

ಅಲ್ಲಿಂದ ಕಲಿತದ್ದು ಎರಡು ಕೆಲಸ. ಜಾಯಿನರ್ ತೂರಿಸುವ ಮೊದಲು ಹಳಿಯ ಬುಡವನ್ನು ಸಣ್ಣ ಮರಳು ಕಾಗದದಲ್ಲಿ ತಿಕ್ಕಿ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಬೇಕು. ಆಮೇಲೆ ನೋಸ್ ಪ್ಲೈಯರಿನಲ್ಲಿ ಜಾಯಿನರಿನ ಅಂಚನ್ನು ಒಂದು ಕೂದಲೆಳೆಯಷ್ಟು ಒತ್ತಬೇಕು, ಹಳಿ ಒಳಹೋಗುವಾಗ ಸ್ವಲ್ಪ ಹಟ ಮಾಡಬೇಕು. ಸಲೀಸಾಗಿ ಹೋದರೆ ಆ ಜಾಯಿನರ್ ಕೆಲಸಕ್ಕೆ ಬಾರದು. ಮೂರ್ನಾಲ್ಕು ಸಲ ಬಿಚ್ಚಿ ಹಾಕಿದ್ದು ಹೇಗೂ ಸಡಿಲ ಆಗಿರುತ್ತದೆ, ಎಸೆದುಬಿಡಿ. ನಾನು ಜಿಪುಣತನ ಮಾಡಿ ಹಳೆಯದನ್ನೇ ಹಾಕಿದ ಜಾಗಗಳಲ್ಲೇ ಎರಡನೇ ಮಳೆಗಾಲದಲ್ಲಿ ಮತ್ತೆ ತೊಂದರೆ ಬಂತು.

ಹೀಗೆ ಮಾಡಿಯೂ ಕರೆಂಟನ್ನು ಜಾಯಿನರಿಂದ ಜಾಯಿನರಿಗೆ ದಾಟಿಸುವುದನ್ನು ನಾನು ಈಗ ನಂಬುವುದಿಲ್ಲ. ಪ್ರತಿ ಉದ್ದದ ಹಳಿ ತುಂಡಿಗೂ ಅದರದ್ದೇ ಒಂದು ಜೊತೆ ವೈರ್ ಕೊಟ್ಟಿದ್ದೇನೆ. ಒಂದು ಜಾಯಿಂಟ್ ಕೈಕೊಟ್ಟರೂ ಆಚೆ ಬದಿಯಿಂದ ಕರೆಂಟ್ ಬರುತ್ತದೆ.

ನಡುವೆ ಸುಮ್ನೆ ಒಂದು ಪುಕ್ಕಟೆ ಉಪಾಯವನ್ನೂ ನೋಡಿದೆ. ನೆಟ್‌ವರ್ಕ್ ಕೇಬಲಿನೊಳಗಿನ ಒಂಟಿ ತಂತಿಯನ್ನು ಸುಲಿದು ಹಳಿಯ ಬುಡಕ್ಕೆ ಒತ್ತಿ ಹಿಡಿದು ಮೇಲಿಂದ ಸಾದಾ ಜಾಯಿನರ್ ತೂರಿಸುವುದು. ಹೊಸದರಲ್ಲಿ ಭರ್ಜರಿ. ಅಕ್ಟೋಬರಿಗೆ ತಂತಿ ಹಸಿರಾಗಿತ್ತು. ಸ್ಲೀಪರುಗಳ ನಡುವೆ ಸಿಕ್ಕಿಸಿ ಹಳಿಗೆ ಕರೆಂಟ್ ಕೊಡುವ ಪವರ್ ಕ್ಲಿಪ್ ಅದಕ್ಕಿಂತ ವಾಸಿ, ಆದರೆ ನೋಡಲು ಹಳಿ ಮಧ್ಯೆ ಡಬ್ಬಿ ಇಟ್ಟ ಹಾಗೆ. ಡಿಸಿಸಿ (ಹಳಿಯಲ್ಲೇ ಡಿಜಿಟಲ್ ಸಿಗ್ನಲ್ ಕಳಿಸಿ ಎಂಜಿನ್ ಓಡಿಸುವ ವ್ಯವಸ್ಥೆ) ಇಟ್ಟುಕೊಂಡವರು ಇದನ್ನು ನೋಡಿಯೇ ಕೊಳ್ಳಿ. ಡಿಸಿಗೆಂದು ಮಾಡಿದ ಕೆಲವು ಕ್ಲಿಪ್ಪುಗಳ ಒಳಗೆ ರೇಡಿಯೋ ಗೊರಗೊರ ತಡೆಯುವ ಕೆಪಾಸಿಟರ್ ಇರುತ್ತದೆ, ಅದು ಡಿಸಿಸಿ ಸಿಗ್ನಲನ್ನು ಕೆಡಿಸುತ್ತದೆ.

ಮೇಜಿನ ಕೆಳಗಿನ ಕಥೆ ಮಾತ್ರ ಸಂತೋಷದ್ದು. 1.5 ಸ್ಕ್ವೇರ್ ಎಂಎಂನ ಎರಡು ಮನೆ ವೈರಿಂಗ್ ವೈರ್, ಕೆಂಪು ಮತ್ತು ಕಪ್ಪು, ಮೇಜಿನ ಉದ್ದಕ್ಕೂ ಓಡುತ್ತವೆ. ಹಳಿಯಿಂದ ಇಳಿದ ತೆಳು ವೈರುಗಳು ಅದಕ್ಕೆ ಸೇರುವ ಕಡೆಯಲ್ಲೆಲ್ಲ ವ್ಯಾಗೊ 221 ಲಿವರ್ ಕನೆಕ್ಟರ್ ಹಾಕಿದ್ದೇನೆ. ವೈರಿನ ತುದಿ 11 ಮಿ.ಮೀ. ಸುಲಿ, ಕಿತ್ತಳೆ ಲಿವರ್ ಎತ್ತು, ತೂರಿಸು, ಟಕ್ ಅಂತ ಮುಚ್ಚು. ದಪ್ಪ ವೈರ್, ತೆಳು ವೈರ್ ಒಂದೇ ಕನೆಕ್ಟರಿನಲ್ಲಿ ಕೂರುತ್ತವೆ. ಒಂದಕ್ಕೆ ಹೆಚ್ಚುಕಡಿಮೆ ಒಂದು ಮಸಾಲೆ ದೋಸೆಯ ದುಡ್ಡು. ನಾಲ್ಕು ಮಳೆಗಾಲದಲ್ಲಿ ಒಂದೂ ತೊಂದರೆ ಕೊಟ್ಟಿಲ್ಲ. ಒಳಗಿನ ಸ್ಪ್ರಿಂಗ್ ಸದಾ ಒತ್ತಿಕೊಂಡೇ ಇರುತ್ತದೆ, ಗುಟ್ಟು ಅದೇ. ಬೆಂಗಳೂರಿನ ಗೆಳೆಯನೊಬ್ಬ ವೈರ್ ಸುಲಿಯದೆ ಇಕ್ಕಳದಲ್ಲಿ ಅದುಮುವ, ಒಳಗಿನ ಬ್ಲೇಡ್ ಕಚ್ಚಿಕೊಳ್ಳುವ ಕ್ಲಿಪ್ಪುಗಳನ್ನೇ ಹೊಗಳುತ್ತಾನೆ. ವೈರಿನ ದಪ್ಪಕ್ಕೆ ಸರಿಯಾದ ಅಳತೆಯದ್ದು ಸಿಕ್ಕರೆ ಒಳ್ಳೆಯದೇ. ನನಗೆ ಸಿಕ್ಕ ಪ್ಯಾಕೆಟ್ ದೊಡ್ಡದಾಗಿತ್ತು, ಬ್ಲೇಡ್ ತಾಮ್ರಕ್ಕೆ ತಾಗಲೇ ಇಲ್ಲ.

ಸೋಲ್ಡರ್ ಇಲ್ಲದ ಜಾಯಿನರಿಗೆ ಒಂದು ಲಾಭವೂ ಇದೆ. ಏಪ್ರಿಲ್ ಸೆಖೆಗೆ ಒಂದು ಫ್ಲೆಕ್ಸಿ ಟ್ರ್ಯಾಕ್ ಸುಮಾರು 0.3 ಮಿ.ಮೀ. ಉದ್ದವಾಗುತ್ತದೆ. ಎಲ್ಲವನ್ನೂ ಬೆಸೆದುಬಿಟ್ಟರೆ ಹಳಿ ಸೊಟ್ಟಗಾಗುವ ಭಯ. ಜಾಯಿನರಿನಲ್ಲಿ ಸಣ್ಣ ಸಂದು ಬಿಟ್ಟರೆ ಅದು ತಾನೇ ಸರಿದುಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿಯೂ ಒಂದು ಒಪ್ಪಿಕೊಳ್ಳಬೇಕು. ಹೋದ ಮಳೆಗಾಲದ ಮೊದಲು ಗುಡ್ಡ ಕಿತ್ತು ರಿಪೇರಿ ಮಾಡುವಾಗ, ಸುರಂಗದೊಳಗಿನ ಹಳಿಗೆ ಕರೆಂಟ್ ತರುವ ಎರಡು ಫೀಡರ್ ವೈರುಗಳನ್ನು ಮಾತ್ರ ಹಳಿಗೆ ಸೋಲ್ಡರ್ ಮಾಡಿಸಿದೆ. ಕೈ ಸುಲಭಕ್ಕೆ ಹೋಗದ ಜಾಗದಲ್ಲಿ ಇನ್ನೊಂದು ಸಲ ಪರೀಕ್ಷೆ ಬೇಡ ಅನ್ನಿಸಿತು. ಪೇಟೆಯ ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಬಂದು, ಸ್ಲೀಪರಿಗೆ ಒದ್ದೆ ಬಟ್ಟೆ ಇಟ್ಟು, ಒಂದನ್ನೂ ಕರಗಿಸದೆ ಹತ್ತು ನಿಮಿಷದಲ್ಲಿ ಮುಗಿಸಿದ. ಎಷ್ಟಾಯ್ತು ಅಂತ ಕೇಳಿದರೆ, "ದುಡ್ಡು ಬೇಡ ಸರ್, ಗಾಡಿ ಒಂದು ರೌಂಡ್ ನಾನು ಓಡಿಸ್ತೇನೆ" ಅಂದ. ಆರು ರೌಂಡ್ ಓಡಿಸಿದ.