ನಿವೇಶನದ ಮಟ್ಟಕ್ಕಿಳಿದ ಮುನ್ನೋಟ: ‘ಮಿನಿಯಾಪೊಲಿಸ್ 2040’ ಯೋಜನೆಯ ವಿಮರ್ಶೆ

ಸ್ಥಳೀಯಾಡಳಿತಗಳು ಹೊರತರುವ ಮುನ್ನೋಟ ದಾಖಲೆಗಳನ್ನು ಓದಿ ಮುಗಿಸಿದ ಮೇಲೂ ನಮ್ಮ ಬೀದಿಯಲ್ಲಿ ಎಷ್ಟು ಮಹಡಿಯ ಕಟ್ಟಡ ಏಳಬಹುದು ಎಂಬುದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಅಮೆರಿಕದ ಮಿನಿಯಾಪೊಲಿಸ್ ನಗರಾಡಳಿತ ರೂಪಿಸಿದ ‘ಮಿನಿಯಾಪೊಲಿಸ್ 2040’ ಸಮಗ್ರ ಯೋಜನೆ ಈ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ನಾಗರಿಕರಿಗೆ ಸಲ್ಲಬೇಕಾದ ಸೇವೆಯಾಗಿ ನೋಡಿದಾಗ ನಾನು ಅದನ್ನು ಮೆಚ್ಚುವುದು ಮುಖ್ಯವಾಗಿ ಈ ಕಾರಣಕ್ಕೆ.

ಯೋಜನೆಯ 14 ಗುರಿಗಳಲ್ಲಿ ಹಲವು ಯಾವ ಊರಿಗೂ ಹೊಂದುವಂಥವು. ತಿರುಳಿರುವುದು ಕಟ್ಟಡಗಳ ಗಾತ್ರ, ಎತ್ತರಗಳನ್ನು ನಿಗದಿಪಡಿಸುವ ನಕ್ಷೆಯಲ್ಲಿ. ‘ಕಾರಿಡಾರ್ 4’, ‘ಕಾರಿಡಾರ್ 6’, ‘ಟ್ರಾನ್ಸಿಟ್ 10’ ಮುಂತಾದ ವಲಯಗಳ ಹೆಸರಿನಲ್ಲೇ ಮಹಡಿಗಳ ಮಿತಿಯಿದೆ. ನಗರಕೇಂದ್ರದಿಂದ ದೂರದ ಒಳಬಡಾವಣೆಗಳಲ್ಲಿ ಅದು ಎರಡೂವರೆ ಮಹಡಿ. ಎಫ್‌ಎಆರ್ (ನಿವೇಶನದ ವಿಸ್ತೀರ್ಣಕ್ಕೆ ಹೋಲಿಸಿ ಎಲ್ಲ ಮಹಡಿಗಳೂ ಸೇರಿ ಎಷ್ಟು ಕಟ್ಟಬಹುದೆಂಬ ಅನುಪಾತ) ಲೆಕ್ಕ ಬಾರದವರೂ ತಮ್ಮ ಮನೆಯಿರುವ ಜಾಗವನ್ನು ಗುರುತಿಸಿ, ಪಕ್ಕದ ನಿವೇಶನದಲ್ಲಿ ಏನು ಬರಬಹುದೆಂದು ತಿಳಿದು, ಒಪ್ಪಿಗೆಯನ್ನೋ ಆಕ್ಷೇಪಣೆಯನ್ನೋ ಸಲ್ಲಿಸುವಂತಾದರೆ ಮಾತ್ರ ಸಾರ್ವಜನಿಕ ಸಮಾಲೋಚನೆಗೆ ಬೆಲೆ. ಕಪ್ಪು ವರ್ಣೀಯರಿಗೆ ಮನೆ ಮಾರಬಾರದೆಂದು ಕ್ರಯಪತ್ರಗಳಲ್ಲೇ ಬರೆಯುತ್ತಿದ್ದ ಷರತ್ತುಗಳು ನಗರವನ್ನು ಹೇಗೆ ಒಡೆದವೆಂಬುದನ್ನೂ ಯೋಜನೆ ಮುಚ್ಚಿಡುವುದಿಲ್ಲ.

2018ರ ಮಾರ್ಚ್‌ನ ಕರಡಿನಲ್ಲಿ ಪ್ರತಿ ವಸತಿ ನಿವೇಶನದಲ್ಲಿ ನಾಲ್ಕು ಮನೆಗಳವರೆಗೆ ಅವಕಾಶವಿತ್ತು. ತೀವ್ರ ವಿರೋಧ ಬಂದ ಮೇಲೆ ಅದು ಮೂರಕ್ಕೆ ಇಳಿಯಿತು. ಡಿಸೆಂಬರ್‌ನಲ್ಲಿ ನಗರ ಪರಿಷತ್ತು 12–1 ಮತಗಳಿಂದ ಅನುಮೋದನೆ ನೀಡಿತು. 1950ರಲ್ಲಿ 5.2 ಲಕ್ಷ ಜನರಿದ್ದ ನಗರದಲ್ಲಿ 2020ರ ಜನಗಣತಿಯ ವೇಳೆಗೆ ಇದ್ದವರು ಸುಮಾರು 4.3 ಲಕ್ಷ. ಹೀಗಿರುವಾಗ, ಜನಸಾಂದ್ರತೆ ಹೆಚ್ಚಿದರೆ ಊರು ತಾಳಲಾರದು ಎಂಬ ಭಯಕ್ಕೆ ನಾಲ್ಕನೆಯ ಮನೆಯನ್ನು ಬಿಟ್ಟುಕೊಟ್ಟದ್ದು ನನಗೆ ಸರಿಯೆನಿಸುವುದಿಲ್ಲ.

ಇನ್ನೂ ದೊಡ್ಡ ಕೊರತೆ ನಿಯಮದ ಒಳವಿವರದಲ್ಲಿತ್ತು. ಮೂರು ಮನೆಗಳಿಗೆ ಅನುಮತಿ ಕೊಟ್ಟರೂ, ಒಳಬಡಾವಣೆಗಳಲ್ಲಿ ಅವುಗಳನ್ನು ಮೊದಲಿಗೆ ಒಂಟಿ ಮನೆಗೆ ಇದ್ದಷ್ಟೇ ಎಫ್‌ಎಆರ್‌ನೊಳಗೆ ಕಟ್ಟಬೇಕಿತ್ತು. ಅಷ್ಟೇ ವಿಸ್ತೀರ್ಣವನ್ನು ಮೂರು ಪಾಲು ಮಾಡಲು ಮಾಲೀಕರು ಮುಂದಾಗದಿದ್ದುದು ಸಹಜ. ಹೊಸ ಮನೆಗಳು ಬಹುಪಾಲು ಬಂದದ್ದು ಬಸ್ಸು, ರೈಲು ಮಾರ್ಗಗಳ ಬದಿಯ ಅಪಾರ್ಟ್‌ಮೆಂಟ್‌ಗಳಿಂದ. ಕಡ್ಡಾಯ ಪಾರ್ಕಿಂಗ್ ನಿಯಮವನ್ನು 2021ರಲ್ಲಿ ನಗರದಾದ್ಯಂತ ರದ್ದುಪಡಿಸಿದ್ದು ಇದಕ್ಕೆ ಬಹಳ ನೆರವಾಯಿತು. ಪ್ಯೂ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯ ವಿಶ್ಲೇಷಣೆಯಂತೆ 2017ರಿಂದ 2022ರವರೆಗೆ ಇಲ್ಲಿನ ಮನೆಗಳ ಸಂಖ್ಯೆ ಶೇ 12ರಷ್ಟು ಏರಿತು. ರಾಜ್ಯದ ಉಳಿದೆಡೆ ಬಾಡಿಗೆ ಶೇ 14ರಷ್ಟು ಹೆಚ್ಚಿದರೆ ಇಲ್ಲಿ ಹೆಚ್ಚಿದ್ದು ಶೇ 1 ಮಾತ್ರ. ಈ ಶ್ರೇಯಸ್ಸನ್ನೆಲ್ಲ ಒಂದೇ ಯೋಜನೆಗೆ ಕೊಡುವುದು ನ್ಯಾಯವಲ್ಲ, ಏಕೆಂದರೆ ಸಾರಿಗೆ ಮಾರ್ಗಗಳ ಸಮೀಪ ಪಾರ್ಕಿಂಗ್ ನಿಯಮವನ್ನು 2015ರಲ್ಲೇ ಸಡಿಲಿಸಲಾಗಿತ್ತು.

ಪರಿಸರದ ವಿಚಾರದಲ್ಲಿ ಯೋಜನೆ ಎಡವಿತು. ಅನುಮತಿಯಿರುವಷ್ಟನ್ನೂ ಕಟ್ಟಿದರೆ ಮಳೆನೀರಿನ ಹರಿವು, ಹಸಿರು ಹೊದಿಕೆಗಳಿಗೆ ಏನಾಗುತ್ತದೆಂದು ಪರಿಶೀಲಿಸಿಲ್ಲವೆಂಬ ದಾವೆಯಲ್ಲಿ ನ್ಯಾಯಾಲಯ 2022ರಲ್ಲಿ ಯೋಜನೆಯ ಜಾರಿಗೆ ತಡೆ ನೀಡಿತು. 2024ರಲ್ಲಿ ರಾಜ್ಯ ಶಾಸನಸಭೆ ಕಾನೂನು ತಂದು ಯೋಜನೆಯನ್ನು ರಕ್ಷಿಸಬೇಕಾಯಿತು. ಮಹಡಿಗಳನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ ನಕ್ಷೆಯ ಜೊತೆಗೇ ಚರಂಡಿ, ಮರಗಳ ಲೆಕ್ಕವನ್ನೂ ಕರಡಿನ ಹಂತದಲ್ಲೇ ಜನರ ಮುಂದಿಟ್ಟಿದ್ದರೆ ಆ ದಾವೆಗೆ ಅಷ್ಟು ಬಲ ಬರುತ್ತಿರಲಿಲ್ಲ.